ಮೂಕಜೀವಿಗಳ ಮೈಕಾಂತಿ: ತಟ್ಟೆ ಮೊದಲು, ಮೂಲಿಕೆ ಆಮೇಲೆ

ಅಂಗಳದ ನಾಯಿ, ಅಟ್ಟದ ಮೇಲಿನ ಬೆಕ್ಕು, ಕೊಟ್ಟಿಗೆಯ ಆಕಳು ತಮ್ಮ ಬಾಧೆಯನ್ನು ಮಾತಿನಲ್ಲಿ ಹೇಳಲಾರವು. ಅವುಗಳ ದೇಹದೊಳಗಿನ ಸ್ಥಿತಿಯನ್ನು ಸಾಕಿದವರಿಗೆ ಮೊದಲು ತಿಳಿಸುವುದು ಚರ್ಮ ಮತ್ತು ರೋಮ. ಹೊಳಪು ಕಳೆದುಕೊಂಡ ಕೂದಲು, ಮೈಯಿಂದ ಉದುರುವ ಬಿಳಿಯ ಹೊಟ್ಟು, ಕಿವಿಯ ಅಂಚಿನಲ್ಲಿ ಬೋಳಾದ ಜಾಗ, ರಾತ್ರಿಯಿಡೀ ನಿಲ್ಲದ ತುರಿಕೆ ಇವೆಲ್ಲ ಕೇವಲ ಅಂದಕ್ಕೆ ಸಂಬಂಧಿಸಿದ ಸಂಗತಿಗಳಲ್ಲ. ಇಂತಹ ಲಕ್ಷಣ ಕಂಡೊಡನೆ ಭಕ್ತರ ಮನೆಗಳಲ್ಲಿ ಕೇಳಿಬರುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: “ಯಾವ ಸೊಪ್ಪು ಅರೆದು ಹಚ್ಚಬೇಕು?” ಪ್ರಶ್ನೆ ಸದ್ಭಾವದಿಂದ ಹುಟ್ಟಿದ್ದು. ಆದರೆ ಕ್ರಮದಲ್ಲಿ ಅದು ಮೂರನೆಯ ಪ್ರಶ್ನೆ. ಪ್ರಾಣಿಯ ತಟ್ಟೆಯಲ್ಲಿ ಏನಿದೆ ಎಂಬುದು ಮೊದಲನೆಯದು. ತುರಿಕೆಗೆ ಕಾರಣವೇನು ಎಂಬುದು ಎರಡನೆಯದು. ಇವೆರಡಕ್ಕೂ ಉತ್ತರ ದೊರೆತ ಬಳಿಕ ಗಿಡಮೂಲಿಕೆ ನಿಜವಾಗಿ ನೆರವಾಗುತ್ತದೆ. ಉತ್ತರ ತಿಳಿಯದೆ ಹಚ್ಚಿದ ಮೂಲಿಕೆ ಎಷ್ಟೋ ಸಲ ರೋಗವನ್ನು ಮರೆಮಾಚುತ್ತದೆ. ಕೆಲವೊಮ್ಮೆ ಪ್ರಾಣಕ್ಕೇ ಎರವಾಗುತ್ತದೆ.

ಪಶುಗಳ ಚಿಕಿತ್ಸೆಯಲ್ಲಿ ಆಸಕ್ತಿ ಈ ನಾಡಿಗೆ ಹೊಸದಲ್ಲ. ಸುಮಾರು 900 ವರ್ಷಗಳ ಹಿಂದೆ ಚಾಲುಕ್ಯ ರಾಜಕುಮಾರ ಕೀರ್ತಿವರ್ಮನು ಕನ್ನಡದಲ್ಲಿ ‘ಗೋವೈದ್ಯ’ವನ್ನು ರಚಿಸಿದನು. ಕಲ್ಯಾಣವನ್ನಾಳಿದ ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಆನೆ, ಕುದುರೆಗಳ ಜೊತೆಗೆ ನಾಯಿಗಳಿಗೂ ಸ್ಥಾನವಿದೆ. ಆದರೆ ಹಳ್ಳಿಗಳಲ್ಲಿ ಬಾಯಿಂದ ಬಾಯಿಗೆ ಉಳಿದುಬಂದ ಮದ್ದುಗಳಲ್ಲಿ ಹೆಚ್ಚಿನವು ದನಕರುಗಳಿಗಾಗಿ ಹುಟ್ಟಿದವು ಎಂಬುದನ್ನು ನೆನಪಿಡಬೇಕು. ಸೊಪ್ಪನ್ನು ಮೆಲುಕು ಹಾಕಿ ಜೀರ್ಣಿಸುವ ಆಕಳ ಹೊಟ್ಟೆಯೇ ಬೇರೆ, ನಾಯಿಯದೇ ಬೇರೆ. ಬೆಕ್ಕಿನ ಯಕೃತ್ತಂತೂ ಇವೆರಡಕ್ಕಿಂತಲೂ ಬೇರೆ. ಆಕಳಿಗೆ ಒಗ್ಗಿದ ಮದ್ದನ್ನೇ ಪ್ರಮಾಣ ತಗ್ಗಿಸಿ ನಾಯಿಗೋ ಬೆಕ್ಕಿಗೋ ಕೊಡುವ ರೂಢಿಯಿಂದಲೇ ಅನೇಕ ಅನಾಹುತಗಳು ಆರಂಭವಾಗುತ್ತವೆ.

ರೊಟ್ಟಿ, ಮಜ್ಜಿಗೆ ಮತ್ತು ಕೂದಲು

ರೋಮವೆಂದರೆ ಬಹುಪಾಲು ಪ್ರೋಟೀನೇ. ಕೂದಲಿನ ತೂಕದಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಪಾಲು ಅದೇ ಇರುತ್ತದೆ. ನಾಯಿ ದಿನವೂ ತಿನ್ನುವ ಪ್ರೋಟೀನಿನಲ್ಲಿ ಶೇಕಡಾ 25ರಿಂದ 30ರಷ್ಟು ಚರ್ಮ ಮತ್ತು ರೋಮಗಳಿಗೇ ವ್ಯಯವಾಗುತ್ತದೆ. ಆಹಾರದಲ್ಲಿ ಪ್ರೋಟೀನು ಕಡಿಮೆಯಾದಾಗ ದೇಹವು ಇದ್ದುದನ್ನು ಹೃದಯ, ಯಕೃತ್ತು, ಸ್ನಾಯುಗಳಿಗೆ ಮೀಸಲಿಟ್ಟು, ಕೂದಲಿನ ಪಾಲನ್ನು ಮೊದಲು ಕಡಿತಗೊಳಿಸುತ್ತದೆ. ಆಗ ಕೂದಲು ತೆಳುವಾಗಿ, ಒರಟಾಗಿ, ಸುಲಭವಾಗಿ ಮುರಿಯತೊಡಗುತ್ತದೆ. ಇಂತಹ ನಾಯಿಗೆ ಎಷ್ಟು ಬೇವಿನೆಣ್ಣೆ ತಿಕ್ಕಿದರೂ ಹೊಳಪು ಬರಲಾರದು.

ನಮ್ಮ ಸಸ್ಯಾಹಾರಿ ಮನೆಗಳಲ್ಲಿ ನಾಯಿಯ ಪಾಲಿಗೆ ಬರುವುದು ಉಳಿದ ರೊಟ್ಟಿ, ನೀರು ಮಜ್ಜಿಗೆ, ಅನ್ನ, ಸಾರು. ನಾಯಿ ಇದನ್ನು ಜೀರ್ಣಿಸಿಕೊಳ್ಳಬಲ್ಲದು. ತೋಳಕ್ಕೆ ಹೋಲಿಸಿದರೆ ನಾಯಿಯಲ್ಲಿ ಪಿಷ್ಟವನ್ನು ಅರಗಿಸುವ ಜೀನಿನ ಪ್ರತಿಗಳು ಹೆಚ್ಚಾಗಿವೆಯೆಂದು 2013ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿಕೊಟ್ಟಿತು. ಮನುಷ್ಯನ ಮನೆಯಂಗಳದಲ್ಲಿ ಸಾವಿರಾರು ವರ್ಷ ಬಾಳಿದ ಫಲವದು. ಆದರೆ ಪಿಷ್ಟವನ್ನು ಅರಗಿಸುವುದು ಬೇರೆ, ಅದರಿಂದ ಕೂದಲನ್ನು ಕಟ್ಟುವುದು ಬೇರೆ. 10 ಕಿಲೋ ತೂಕದ ಬೆಳೆದ ನಾಯಿಗೆ ದಿನಕ್ಕೆ ಸುಮಾರು 20ರಿಂದ 30 ಗ್ರಾಂ ಪ್ರೋಟೀನು ಬೇಕು. 50 ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಯಲ್ಲಿ ಇರುವುದು ಹೆಚ್ಚೆಂದರೆ 5 ಗ್ರಾಂ. ನೀರು ಮಜ್ಜಿಗೆಯಲ್ಲಿ ಗಣನೆಗೆ ಬರುವಷ್ಟು ಪ್ರೋಟೀನೇ ಇಲ್ಲ. ಎರಡು ಹೊತ್ತು ಹೊಟ್ಟೆ ತುಂಬಿದ ನಾಯಿಯೂ ಹೀಗೆ ಹಸಿದಿರುತ್ತದೆ.

ಸಸ್ಯಾಹಾರದೊಳಗೇ ಇದನ್ನು ಸರಿಪಡಿಸಲು ಸಾಧ್ಯವಿದೆ. ಮಜ್ಜಿಗೆಯ ಬದಲು ಗಟ್ಟಿ ಮೊಸರು, 50 ಗ್ರಾಂ ಪನೀರ್‌ನಲ್ಲಿ ದೊರೆಯುವ 9 ಗ್ರಾಂನಷ್ಟು ಪ್ರೋಟೀನು, ಒಗ್ಗರಣೆಯಿಲ್ಲದೆ ಮೆತ್ತಗೆ ಬೇಯಿಸಿದ ಬೇಳೆ ಇವು ಕೈಗೆಟುಕುವ ದಾರಿಗಳು. ಅಂಗಡಿಯಲ್ಲಿ ಸಿಗುವ ಸೋಯಾ ಉಂಡೆಗಳಲ್ಲಿ ಅರ್ಧದಷ್ಟು ಪ್ರೋಟೀನೇ ಇರುವುದರಿಂದ, 20 ಗ್ರಾಂನಷ್ಟನ್ನು ನೆನೆಸಿ, ಹಿಂಡಿ, ಚೆನ್ನಾಗಿ ಬೇಯಿಸಿ ರೊಟ್ಟಿಯೊಡನೆ ಕಲಸಿದರೆ 10 ಗ್ರಾಂ ಪ್ರೋಟೀನು ಸೇರಿದಂತಾಗುತ್ತದೆ. ಬೆಳೆದ ನಾಯಿಗಳಲ್ಲಿ ಹಲವಕ್ಕೆ ಹಾಲು ಬೇಧಿಯನ್ನುಂಟುಮಾಡುತ್ತದೆ. ಮೊಸರು ಹೆಚ್ಚು ಒಗ್ಗುತ್ತದೆ. ಮನೆಯಲ್ಲಿ ಆಕ್ಷೇಪವಿಲ್ಲದವರು ಬೇಯಿಸಿದ ಮೊಟ್ಟೆಯನ್ನು ಕೊಡಬಹುದು. ಮಠದ ಪತ್ರಿಕೆಯಲ್ಲಿ ಮೊಟ್ಟೆಯ ಮಾತೇ ಎಂದು ಕೆಲವರಿಗೆ ಅನ್ನಿಸೀತು; ನಾವು ಇಲ್ಲಿ ಹೇಳುತ್ತಿರುವುದು ನಾಯಿಯ ಆಹಾರದ ಬಗ್ಗೆ. ಕೊಡುವವರು ಹಸಿ ಮೊಟ್ಟೆಯನ್ನು ಮಾತ್ರ ಕೊಡಬಾರದು. ಹಸಿ ಬಿಳಿಭಾಗದಲ್ಲಿರುವ ಅವಿಡಿನ್ ಎಂಬ ಪದಾರ್ಥವು ಚರ್ಮಕ್ಕೆ ಅವಶ್ಯವಾದ ಬಯೋಟಿನ್ ಜೀವಸತ್ತ್ವವನ್ನು ಹಿಡಿದಿಟ್ಟುಕೊಳ್ಳುತ್ತದೆ.

ರೊಟ್ಟಿಯನ್ನೇ ನೆಚ್ಚಿದ ನಾಯಿಗಳಲ್ಲಿ ಸತುವಿನ ಕೊರತೆಯೂ ತಲೆದೋರುವುದುಂಟು. ಧಾನ್ಯಗಳಲ್ಲಿರುವ ಫೈಟೇಟ್ ಎಂಬ ಅಂಶವು ಸತುವನ್ನು ಕರುಳಿನಲ್ಲಿ ಹೀರಲು ಬಿಡುವುದಿಲ್ಲ. ಕಣ್ಣು ಮತ್ತು ಬಾಯಿಯ ಸುತ್ತ, ಅಂಗಾಲಿನ ಮೆತ್ತೆಗಳ ಮೇಲೆ ದಪ್ಪನೆಯ ಹಕ್ಕಳೆ ಕಟ್ಟುವುದು ಇದರ ಗುರುತು. ಇದನ್ನು ಕಜ್ಜಿಯೆಂದು ತಿಳಿದು ತಿಂಗಳುಗಟ್ಟಲೆ ಎಣ್ಣೆ ಹಚ್ಚುವವರಿದ್ದಾರೆ. ಸತುವಿನ ಮಾತ್ರೆಯನ್ನು ತಾವೇ ತಂದು ಕೊಡುವುದೂ ಸಲ್ಲದು, ಪ್ರಮಾಣ ಮೀರಿದರೆ ಸತುವೇ ವಿಷ. ಪಶುವೈದ್ಯರು ತೂಕ ನೋಡಿ ಹೇಳಿದಷ್ಟನ್ನೇ ಕೊಡಬೇಕು.

ಬೆಕ್ಕಿನ ವಿಷಯದಲ್ಲಿ ನಾವು ಇನ್ನೂ ನೇರವಾಗಿ ಹೇಳಬೇಕಾಗಿದೆ. ಬೆಕ್ಕು ಸಸ್ಯಾಹಾರದ ಮೇಲೆ ಬಾಳಲಾರದು. ಟಾರಿನ್, ಅರಾಕಿಡೋನಿಕ್ ಆಮ್ಲ, ಎ ಜೀವಸತ್ತ್ವ ಈ ಮೂರನ್ನೂ ನಾಯಿ ಮತ್ತು ಮನುಷ್ಯರು ತಕ್ಕಮಟ್ಟಿಗೆ ತಮ್ಮ ದೇಹದಲ್ಲಿಯೇ ತಯಾರಿಸಿಕೊಳ್ಳಬಲ್ಲರು. ಬೆಕ್ಕಿಗೆ ಆ ಶಕ್ತಿ ಇಲ್ಲ. ಕ್ಯಾರೆಟ್ಟಿನ ಬಣ್ಣದಿಂದ ಎ ಜೀವಸತ್ತ್ವವನ್ನು ಮಾಡಿಕೊಳ್ಳುವುದು ಕೂಡ ಅದಕ್ಕೆ ಬಾರದು. ಟಾರಿನ್ ಕೊರತೆಯಿಂದ ಮೊದಲು ಕಣ್ಣಿನ ಅಕ್ಷಿಪಟಲ ಹಾಳಾಗುತ್ತದೆ, ಹೃದಯ ಹಿಗ್ಗಿ ದುರ್ಬಲವಾಗುತ್ತದೆ. ಹೊರಗೆ ಕಾಣುವುದು ಮಾಸಿದ ಕೂದಲು ಮಾತ್ರ. ಹೊರಗೆ ತಿರುಗಾಡುವ ಬೆಕ್ಕು ಇಲಿ, ಹಲ್ಲಿಗಳಿಂದ ತನ್ನ ಕೊರತೆಯನ್ನು ತುಂಬಿಕೊಳ್ಳುತ್ತದೆ. ಬಾಗಿಲು ಮುಚ್ಚಿದ ಮಹಡಿ ಮನೆಯಲ್ಲಿ ಹಾಲು ಅನ್ನದ ಮೇಲೆ ಬೆಕ್ಕನ್ನು ಸಾಕುವುದು ಮಮತೆಯ ಹೆಸರಿನಲ್ಲಿ ನಡೆಯುವ ನಿಧಾನದ ಉಪವಾಸ. ಇಂತಹ ಮನೆಯವರ ಮುಂದೆ ಎರಡೇ ದಾರಿಗಳಿವೆ. ಟಾರಿನ್ ಸೇರಿಸಿದ, ಬೆಕ್ಕಿಗಾಗಿಯೇ ಸಿದ್ಧಪಡಿಸಿದ ಒಣ ಆಹಾರವನ್ನು ತಂದು, ಬೇರೆ ಪಾತ್ರೆಯಲ್ಲಿಟ್ಟು ಉಣಿಸುವುದು ಒಂದು. ಅದು ಮನಸ್ಸಿಗೆ ಒಪ್ಪಿತವಾಗದಿದ್ದರೆ ಬೆಕ್ಕನ್ನು ಕೂಡಿಹಾಕಿ ಸಾಕದಿರುವುದು ಇನ್ನೊಂದು. ಮನೆಯ ಆಚಾರವನ್ನು ಪಾಲಿಸುವ ಹೊಣೆ ಮನೆಯವರದು. ಅದನ್ನು ಬೆಕ್ಕಿನ ಕಣ್ಣುಗಳಿಂದ ತೆರಿಸುವುದು ನ್ಯಾಯವೆಂದು ನಮಗೆ ತೋರುವುದಿಲ್ಲ.

ಕುಸುಬೆ ಮತ್ತು ಅಗಸೆ

ಪ್ರೋಟೀನಿನ ಬಳಿಕ ರೋಮದ ಹೊಳಪಿಗೆ ಬೇಕಾದುದು ಕೊಬ್ಬಿನ ಆಮ್ಲಗಳು. ಅವುಗಳಲ್ಲಿ ಲಿನೋಲಿಯಿಕ್ ಆಮ್ಲವನ್ನು ನಾಯಿಯ ದೇಹ ತಯಾರಿಸಿಕೊಳ್ಳಲಾರದು, ಆಹಾರದಿಂದಲೇ ಬರಬೇಕು. ಚರ್ಮದ ಹೊರಪದರದಲ್ಲಿ ಜೀವಕೋಶಗಳ ನಡುವೆ ಗಾರೆಯಂತೆ ನಿಂತು ನೀರು ಆರಿಹೋಗದಂತೆ ತಡೆಯುವ ಜಿಡ್ಡಿನ ಅಂಶಕ್ಕೆ ಇದೇ ಮೂಲದ್ರವ್ಯ. ಕಲಬುರಗಿ, ವಿಜಯಪುರ, ಬಾಗಲಕೋಟೆ, ಗದಗ ಸೀಮೆಯ ಎರೆಹೊಲಗಳಲ್ಲಿ ಹಿಂಗಾರಿಗೆ ಬೆಳೆಯುವ ಕುಸುಬೆಯ ಎಣ್ಣೆಯಲ್ಲಿ ಸುಮಾರು ಮುಕ್ಕಾಲು ಪಾಲು ಇದೇ ಆಮ್ಲವಿದೆ. ದೂರದ ದೇಶದಿಂದ ಬರುವ, ಬಾಟಲಿಯ ಮೇಲೆ ಹೊಳೆಯುವ ನಾಯಿಯ ಚಿತ್ರವಿರುವ ದುಬಾರಿ ಪೂರಕಗಳಲ್ಲಿ ಹಲವು ಇದೇ ಬಗೆಯ ಎಣ್ಣೆಗಳನ್ನು ಆಧರಿಸಿವೆ. ನಮ್ಮವರು ಮನೆಯ ಗಾಣದೆಣ್ಣೆಯನ್ನು ಮರೆತು ಅದಕ್ಕೆ ಹಣ ತೆರುವುದನ್ನು ಕಂಡು ನಮಗೆ ಸೋಜಿಗವಾಗುತ್ತದೆ.

10 ಕಿಲೋ ತೂಕದ ನಾಯಿಗೆ ದಿನಕ್ಕೆ ಒಂದು ಸಣ್ಣ ಚಮಚೆ, ಅಂದರೆ 5 ಮಿಲಿ ಲೀಟರ್‌ನಷ್ಟು ಕುಸುಬೆ ಎಣ್ಣೆಯನ್ನು ಆಹಾರದ ಮೇಲೆ ಹಸಿಯಾಗಿ ಹಾಕಿದರೆ ಸಾಕು. ಮೊದಲ ವಾರ ಕಾಲು ಚಮಚೆಯಿಂದ ಆರಂಭಿಸಿ ಕ್ರಮೇಣ ಹೆಚ್ಚಿಸಬೇಕು. ಒಮ್ಮೆಲೆ ಕೊಟ್ಟರೆ ಬೇಧಿಯಾಗುತ್ತದೆ. ಬೊಜ್ಜು ಬಂದ ನಾಯಿಗೆ, ಮೇದೋಜೀರಕ ಗ್ರಂಥಿಯ ಉರಿಯೂತದಿಂದ ಒಮ್ಮೆ ಬಳಲಿದ ನಾಯಿಗೆ ವೈದ್ಯರನ್ನು ಕೇಳದೆ ಎಣ್ಣೆ ಕೊಡಬಾರದು. ಕರಿದು ಉಳಿದ ಎಣ್ಣೆ ಸರ್ವಥಾ ನಿಷಿದ್ಧ.

ಅಗಸೆಯ ವಿಚಾರ ಸ್ವಲ್ಪ ಬೇರೆ. ಅದರ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಒಮೆಗಾ-3 ಗುಂಪಿನ ಆಲ್ಫಾ ಲಿನೋಲೆನಿಕ್ ಆಮ್ಲ. ತುರಿಕೆ ಮತ್ತು ಉರಿಯೂತವನ್ನು ತಗ್ಗಿಸುವುದು ಇದೇ ಗುಂಪಿನ ದೀರ್ಘ ಸರಪಳಿಯ ಆಮ್ಲಗಳು; ಅಗಸೆಯದನ್ನು ನಾಯಿಯ ದೇಹ ಅಲ್ಪಪ್ರಮಾಣದಲ್ಲಿ ಮಾತ್ರ ಹಾಗೆ ಮಾರ್ಪಡಿಸಬಲ್ಲದು, ಬೆಕ್ಕಿನ ದೇಹಕ್ಕೆ ಅದು ಬಹುತೇಕ ಅಸಾಧ್ಯ. ಆದ್ದರಿಂದಲೇ ಪಶುವೈದ್ಯರು ಮೀನಿನೆಣ್ಣೆಯನ್ನು ಸೂಚಿಸುತ್ತಾರೆ. ಸಸ್ಯಾಹಾರಿಗಳು ಸಮುದ್ರದ ಸೂಕ್ಷ್ಮ ಪಾಚಿಯಿಂದ ತೆಗೆದ ಎಣ್ಣೆಯನ್ನು ಕೇಳಿ ಪಡೆಯಬಹುದು. ಮೀನಿಗೆ ಆ ಗುಣ ಬರುವುದೂ ಪಾಚಿಯಿಂದಲೇ. ಹಾಗೆಂದು ಅಗಸೆ ನಿರುಪಯುಕ್ತವಲ್ಲ. ಹದವಾಗಿ ಹುರಿದು, ಆರಿಸಿ, ಪುಡಿಮಾಡಿ 10 ಕಿಲೋ ನಾಯಿಗೆ ದಿನಕ್ಕೆ ಅರ್ಧ ಚಮಚೆ ಕೊಟ್ಟರೆ ಕೂದಲಿಗೂ ಮಲಶೋಧನೆಗೂ ಒಳ್ಳೆಯದು. ಇಡಿಯ ಕಾಳು ಹಾಗೆಯೇ ಹೊರಬೀಳುತ್ತದೆ. ಪುಡಿ ಬೇಗ ಕಮಟುವುದರಿಂದ ವಾರಕ್ಕಾಗುವಷ್ಟನ್ನೇ ಮಾಡಿಟ್ಟುಕೊಳ್ಳಬೇಕು. ಊಟದ ಎಲೆಯ ಮೇಲಿನ ಅಗಸೆ ಚಟ್ನಿಪುಡಿಯನ್ನು ಮಾತ್ರ ನಾಯಿಯ ರೊಟ್ಟಿಗೆ ಸವರಬಾರದು. ಅದರಲ್ಲಿ ಖಾರ, ಉಪ್ಪುಗಳ ಜೊತೆಗೆ ಬೆಳ್ಳುಳ್ಳಿಯೂ ಇರುತ್ತದೆ. ಬೆಳ್ಳುಳ್ಳಿಯ ವಿಚಾರ ಮುಂದೆ ಬರುತ್ತದೆ.

ತೆಂಗಿನೆಣ್ಣೆ ತಿನ್ನಿಸಿದರೆ ಕೂದಲು ಹೊಳೆಯುತ್ತದೆಂಬ ನಂಬಿಕೆ ವ್ಯಾಪಕವಾಗಿದೆ. ಅದರಲ್ಲಿ ಲಿನೋಲಿಯಿಕ್ ಆಮ್ಲ ಅತ್ಯಲ್ಪ. ಒಣಗಿದ ಚರ್ಮಕ್ಕೆ ಹೊರಗಿನಿಂದ ತೆಳುವಾಗಿ ಹಚ್ಚಲು ಅದು ಉತ್ತಮ. ಒಳಗೆ ಕೊಡುವುದಕ್ಕೆ ಕುಸುಬೆಯೇ ಮೇಲು. ಗಿಡ್ಡ, ತೆಳುಗೂದಲಿನ ಮುಧೋಳ ನಾಯಿಗಳಲ್ಲಿ ಚಳಿಗಾಲದ ಒಣಚರ್ಮ ಬೇಗ ಎದ್ದು ಕಾಣುತ್ತದೆ. ಪಕ್ಕೆಲುಬು ಕಾಣುವುದು ಆ ತಳಿಯ ಸಹಜ ಮೈಕಟ್ಟು. ಅದನ್ನು ಕೊರತೆಯೆಂದು ಭಾವಿಸಿ ಎಣ್ಣೆ, ತುಪ್ಪ ಸುರಿಯಬೇಕಾಗಿಲ್ಲ.

ಹೊರಗೆ ಹಚ್ಚುವ ಮೂಲಿಕೆಗಳು

ಬೇವಿನಲ್ಲಿರುವ ಅಜಾಡಿರಾಕ್ಟಿನ್ ಎಂಬ ಅಂಶ ಕೀಟಗಳು ಪೊರೆ ಕಳಚಿ ಬೆಳೆಯುವ ಕ್ರಿಯೆಯನ್ನು ಕೆಡಿಸುತ್ತದೆ. ಆದ್ದರಿಂದ ಅದು ಹೇನು, ಚಿಗಟಗಳ ಸಂತತಿಯನ್ನು ಕುಗ್ಗಿಸುವುದೇ ಹೊರತು ಮೈಗೆ ಕಚ್ಚಿಕೊಂಡ ಉಣುಗನ್ನು ಆ ಕ್ಷಣವೇ ಕೊಲ್ಲುವುದಿಲ್ಲ. ಎರಡು ಹಿಡಿ ಬೇವಿನೆಲೆಯನ್ನು ನೀರಿನಲ್ಲಿ ಕುದಿಸಿ, ಸೋಸಿ, ಪೂರ್ತಿ ಆರಿದ ಮೇಲೆ ನಾಯಿಯ ಸ್ನಾನದ ಕೊನೆಯ ನೀರಾಗಿ ಬಳಸುವುದು ಸರಳ ವಿಧಾನ. ಬೇವಿನೆಣ್ಣೆ ಅಥವಾ ಹೊಂಗೆ ಎಣ್ಣೆಯನ್ನು ಹಚ್ಚುವುದಾದರೆ ಒಂದು ಪಾಲಿಗೆ ಹತ್ತು ಪಾಲು ತೆಂಗಿನೆಣ್ಣೆಯೋ ಎಳ್ಳೆಣ್ಣೆಯೋ ಬೆರೆಸಿ, ಮೊದಲು ಅಂಗೈಯಗಲದ ಜಾಗಕ್ಕೆ ಹಚ್ಚಿ, ಒಂದು ದಿನ ಕಾದು ನೋಡಬೇಕು. ಮರಿಗಳಿಗೆ, ಗಬ್ಬವಾದ ನಾಯಿಗೆ ಇದು ಬೇಡ. ಬೆಕ್ಕಿಗಂತೂ ಬೇಡವೇ ಬೇಡ. ಮೈಗೆ ಹಚ್ಚಿದ್ದೆಲ್ಲವನ್ನೂ ಅದು ನೆಕ್ಕಿ ಹೊಟ್ಟೆಗೆ ಸೇರಿಸುತ್ತದೆ.

ತರಚಿದ ಸಣ್ಣ ಗಾಯಕ್ಕೆ ತೆಂಗಿನೆಣ್ಣೆಯಲ್ಲಿ ಕಲಸಿದ ಶುದ್ಧ ಅರಿಶಿನ ಸಾಕು. ಲೋಳೆಸರವನ್ನು ಬಳಸುವಾಗ ಎಲೆಯನ್ನು ಕತ್ತರಿಸಿ ನಿಲ್ಲಿಸಿ, ಸಿಪ್ಪೆಯ ಕೆಳಗಿನಿಂದ ಇಳಿಯುವ ಹಳದಿ ರಸವನ್ನು ಪೂರ್ತಿ ಬಸಿದು, ಒಳಗಿನ ತಿಳಿಲೋಳೆಯನ್ನಷ್ಟೇ ಹಚ್ಚಬೇಕು. ಆ ಹಳದಿ ರಸವನ್ನು ನೆಕ್ಕಿದ ನಾಯಿಗೆ ತೀವ್ರ ಬೇಧಿಯಾಗುತ್ತದೆ. ಸ್ನಾನ ಎರಡು ಮೂರು ವಾರಕ್ಕೊಮ್ಮೆ ಸಾಕು. ಮನುಷ್ಯರ ಚರ್ಮ ತುಸು ಆಮ್ಲೀಯ, ನಾಯಿಯದು ಬಹುತೇಕ ತಟಸ್ಥ, ಅದರ ಹೊರಪದರವೂ ನಮ್ಮದಕ್ಕಿಂತ ತೆಳು. ಹಾಗಾಗಿ ನಮ್ಮ ಸಾಬೂನು, ಶಾಂಪೂಗಳು ಅದಕ್ಕೆ ಹೊಂದುವುದಿಲ್ಲ. ದಿನವೂ ಹತ್ತು ನಿಮಿಷ ಬಾಚುವುದರಿಂದ ಚರ್ಮದ ಸಹಜ ಜಿಡ್ಡು ಕೂದಲಿನುದ್ದಕ್ಕೂ ಹರಡುತ್ತದೆ. ಯಾವ ಲೇಪಕ್ಕೂ ಆ ಗುಣವಿಲ್ಲ, ಖರ್ಚೂ ಇಲ್ಲ.

‘ನೈಸರ್ಗಿಕ’ವೆಂಬ ಮಾತಿನ ಮರೆಯಲ್ಲಿ

ಉಣುಗು ಹತ್ತದಿರಲೆಂದು ನಾಯಿಗೆ ಬೆಳ್ಳುಳ್ಳಿ ತಿನ್ನಿಸುವ ಪದ್ಧತಿಯನ್ನು ನಾವು ಖಂಡಿಸುತ್ತೇವೆ. ಈರುಳ್ಳಿ ಮತ್ತು ಬೆಳ್ಳುಳ್ಳಿಗಳಲ್ಲಿರುವ ಗಂಧಕದ ಸಂಯುಕ್ತಗಳು ನಾಯಿ, ಬೆಕ್ಕುಗಳ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ದೇಹದ ತೂಕದ ಪ್ರತಿ ಕಿಲೋಗೆ 15ರಿಂದ 30 ಗ್ರಾಂ ಈರುಳ್ಳಿ ನಾಯಿಗೆ, 5 ಗ್ರಾಂನಷ್ಟು ಬೆಕ್ಕಿಗೆ ರಕ್ತಹೀನತೆ ತರಲು ಸಾಕು. ಬೇಯಿಸಿದರೂ ಈ ದೋಷ ಹೋಗದು. ದಿನವೂ ಈರುಳ್ಳಿ ಸಾರು ಕಲಸಿದ ಅನ್ನ ತಿಂದು ಸ್ವಲ್ಪ ಸ್ವಲ್ಪವೇ ಸೇರಿದರೂ ಪರಿಣಾಮ ಅದೇ. ದಾಸೋಹದ ಶಿರಾದಲ್ಲಿರುವ ಒಣದ್ರಾಕ್ಷಿ ಕೂಡ ನಾಯಿಯ ಮೂತ್ರಪಿಂಡಕ್ಕೆ ಮಾರಕವೆಂಬುದನ್ನು ಸಂದರ್ಭ ಬಂದುದರಿಂದ ಇಲ್ಲಿಯೇ ಹೇಳಿಬಿಡುತ್ತೇವೆ.

ಅದೇ ಬೆಳ್ಳುಳ್ಳಿ ಆಕಳಿಗೆ ಲೇಪವಾಗಿ ಬಳಕೆಯಲ್ಲಿದೆ. 2022ರಲ್ಲಿ ಚರ್ಮಗಂಟು ರೋಗ ನಮ್ಮ ರಾಜ್ಯದ ದನಕರುಗಳನ್ನು ಕಾಡಿದಾಗ, ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಪ್ರಚಾರಗೊಳಿಸಿದ ಗಾಯದ ಲೇಪದಲ್ಲಿ ಕುಪ್ಪಿಗಿಡ, ಬೇವು, ತುಳಸಿ, ಮದರಂಗಿ ಸೊಪ್ಪುಗಳನ್ನು ಬೆಳ್ಳುಳ್ಳಿ, ಅರಿಶಿನಗಳೊಡನೆ ಅರೆದು ತೆಂಗಿನ ಅಥವಾ ಎಳ್ಳಿನ ಎಣ್ಣೆಯಲ್ಲಿ ಕುದಿಸುವ ವಿಧಾನವಿತ್ತು. ಹುಣ್ಣಿಗೆ ನೊಣ ಕೂರದಂತೆ, ಹುಳ ಬೀಳದಂತೆ ಕಾಪಾಡಲು ಅದು ಉಪಯುಕ್ತ. ಆದರೆ ಆ ರೋಗ ವೈರಾಣುವಿನಿಂದ ಬರುವಂಥದು. ತಡೆಯಲು ಲಸಿಕೆಯೇ ಬೇಕು. ಉಳಿದ ಲೇಪವನ್ನು ಪಕ್ಕದಲ್ಲಿ ಮಲಗಿದ ನಾಯಿಯ ಹುಣ್ಣಿಗೆ ಹಚ್ಚಬಾರದು, ಅದು ನೆಕ್ಕದೆ ಬಿಡದು.

ತೆಂಗಿನೆಣ್ಣೆಯಲ್ಲಿ ಕರ್ಪೂರ ಕರಗಿಸಿ ಹಚ್ಚುವುದು, ನೀಲಗಿರಿ ಎಣ್ಣೆ, ಲವಂಗದೆಣ್ಣೆ, ಟೀ ಟ್ರೀ ಎಣ್ಣೆಗಳನ್ನು ನೇರವಾಗಿ ಸವರುವುದು ಇವೂ ಅಪಾಯಕರ. ಕರ್ಪೂರ ಚರ್ಮದ ಮೂಲಕವೇ ರಕ್ತಕ್ಕಿಳಿದು ಸೆಳವನ್ನುಂಟುಮಾಡಬಲ್ಲದು. ಇಂತಹ ಸುಗಂಧ ತೈಲಗಳ ಅಂಶಗಳನ್ನು ನಿರ್ವಿಷಗೊಳಿಸುವ ಕಿಣ್ವ ಬೆಕ್ಕಿನ ಯಕೃತ್ತಿನಲ್ಲಿ ತೀರ ದುರ್ಬಲವಾಗಿರುವುದರಿಂದ ಕೆಲವೇ ಹನಿಗಳು ಅದನ್ನು ನಡುಗಿಸಿ ಮಲಗಿಸಬಹುದು. ಕಜ್ಜಿಗೆ ಸೀಮೆಎಣ್ಣೆ, ಗಾಡಿಯ ಹಳೆಯ ಇಂಜಿನ್ ಎಣ್ಣೆ, ನೆಲ ಒರೆಸುವ ಫಿನಾಯಿಲ್ ಸುರಿಯುವವರು ಇಂದಿಗೂ ಇದ್ದಾರೆ. ಅವು ಹುಳುವಿಗಿಂತ ಮೊದಲು ಚರ್ಮವನ್ನು ಸುಡುತ್ತವೆ.

ಯಾವಾಗ ತಡಮಾಡಬಾರದು

ತುರಿಕೆಗಳಲ್ಲಿ ಕೆಲವು ಮನೆಯವರಿಗೂ ಅಂಟುತ್ತವೆ. ದುಂಡಗೆ ಕೂದಲುದುರಿ ಅಂಚು ಕೆಂಪಾಗುವ ಹುಳುಕಡ್ಡಿ ಒಂದು ಶಿಲೀಂಧ್ರ. ಬೆಕ್ಕಿನ ಮರಿಯನ್ನು ಎತ್ತಿ ಆಡಿಸುವ ಮಕ್ಕಳ ಕುತ್ತಿಗೆ, ತೋಳುಗಳಿಗೆ ಅದು ಸುಲಭವಾಗಿ ಹರಡುತ್ತದೆ. ಕಿವಿಯಂಚು, ಮೊಣಕೈಗಳಿಂದ ಆರಂಭವಾಗಿ ನಾಯಿಯನ್ನು ನಿದ್ರಿಸಗೊಡದ ಕಜ್ಜಿಯೂ ಹಾಗೆಯೇ. ಮರಿಗಳ ಮುಖದಲ್ಲಿ ತುರಿಕೆಯಿಲ್ಲದೆ ಬೋಳು ಜಾಗಗಳನ್ನು ಮಾಡುವ ಡೆಮೊಡೆಕ್ಸ್ ಎಂಬ ಸೂಕ್ಷ್ಮಜೀವಿ ಕೂದಲಿನ ಬುಡದೊಳಗೇ ವಾಸಿಸುವುದರಿಂದ ಯಾವ ಲೇಪವೂ ಅದನ್ನು ಮುಟ್ಟಲಾರದು. ಇಂದು ಅದಕ್ಕೆ ಬಾಯಿಯ ಮೂಲಕ ಕೊಡುವ ಒಳ್ಳೆಯ ಔಷಧಗಳಿವೆ. ಉಣುಗು ಹತ್ತಿದ ನಾಯಿ ಊಟ ಬಿಟ್ಟು, ವಸಡು ಬಿಳಿಚಿ, ಜ್ವರದಿಂದ ಮಂಕಾದರೆ ಅದು ಚರ್ಮದ ಮಾತಲ್ಲ, ರಕ್ತದ ಮಾತು. ಅಂದೇ ಆಸ್ಪತ್ರೆಗೆ ಒಯ್ಯಬೇಕು. ವಯಸ್ಸಾದ ನಾಯಿಯ ಎರಡೂ ಪಕ್ಕೆಗಳಲ್ಲಿ ಸಮನಾಗಿ ಕೂದಲು ತೆಳುವಾದರೆ ಥೈರಾಯ್ಡ್ ಪರೀಕ್ಷೆ ಅಗತ್ಯ. ದನಕರುಗಳಿಗೆ ತುರ್ತು ಚಿಕಿತ್ಸೆ ಬೇಕಾದಾಗ 1962 ಸಂಖ್ಯೆಗೆ ಕರೆಮಾಡಿದರೆ ಸಂಚಾರಿ ಪಶುಚಿಕಿತ್ಸಾ ವಾಹನದ ಸೇವೆ ಲಭ್ಯವಿದೆ.

ಆಹಾರದ ಬದಲಾವಣೆಯ ಫಲ ಕಾಣಲು ತಾಳ್ಮೆ ಬೇಕು. ನಾಯಿಯ ಚರ್ಮದ ಹೊರಪದರ ಹೊಸದಾಗಲು ಸುಮಾರು 3 ವಾರ, ಕೂದಲು ಬೆಳೆದು ಹೊಳಪು ಕಾಣಲು 8ರಿಂದ 12 ವಾರ ಹಿಡಿಯುತ್ತದೆ. ಹತ್ತು ದಿನಕ್ಕೊಂದು ಮದ್ದು ಬದಲಿಸಿದರೆ ಯಾವುದು ಗುಣ ಮಾಡಿತು, ಯಾವುದು ಕೆಡಿಸಿತು ಎಂಬುದು ತಿಳಿಯುವುದೇ ಇಲ್ಲ. ವೈದ್ಯರ ಬಳಿಗೆ ಹೋಗುವುದೆಂದು ನಿಶ್ಚಯಿಸಿದ ಮೇಲೆ ಎರಡು ಮೂರು ದಿನ ಮೈಗೆ ಎಣ್ಣೆ, ಅರಿಶಿನ, ಸೊಪ್ಪಿನ ರಸ ಏನನ್ನೂ ಹಚ್ಚಬೇಡಿ, ಸ್ನಾನವನ್ನೂ ಮಾಡಿಸಬೇಡಿ. ಚರ್ಮವನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುವಾಗ ಅವು ಅಡ್ಡಬರುತ್ತವೆ. ನಾಯಿ ಕಳೆದ ಒಂದು ವಾರದಲ್ಲಿ ಏನೇನು ತಿಂದಿತು, ಮನೆಯಲ್ಲಿ ಇದುವರೆಗೆ ಏನೇನು ಹಚ್ಚಿದಿರಿ ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಸೀಮೆಎಣ್ಣೆ ಹಚ್ಚಿದ್ದರೆ ಅದನ್ನೂ ಸಂಕೋಚವಿಲ್ಲದೆ ಹೇಳಿ.